ದಾಖಲೆ ಬದಲಾದ ಬಗೆಯೂ ದಾಖಲೆಯಲ್ಲೇ ಇರಲಿ

ಮಾನ್ಯ ಸಂಪಾದಕರೇ,

ಕಾಗದವನ್ನು ಬದಿಗಿಟ್ಟು ಇ-ದಾಖಲೆಯನ್ನೇ ಮೂಲವೆಂದು ಒಪ್ಪುವ ಕಾನೂನುಗಳು ಒಂದರ ಹಿಂದೊಂದು ಬರುತ್ತಿವೆ. 1908ರ ನೋಂದಣಿ ಕಾಯ್ದೆಯ ಬದಲಿಗೆ ಹೊಸ ಕಾಯ್ದೆ ತರಲು ಕೇಂದ್ರದ ಭೂಸಂಪನ್ಮೂಲ ಇಲಾಖೆ 2025ರ ಮೇ 27ರಂದು ಕರಡು ಮಸೂದೆ ಪ್ರಕಟಿಸಿ, ಅಭಿಪ್ರಾಯ ತಿಳಿಸಲು 30 ದಿನ ಕೊಟ್ಟಿತ್ತು. ದಸ್ತಾವೇಜನ್ನು ಆನ್‌ಲೈನ್‌ನಲ್ಲೇ ಹಾಜರುಪಡಿಸುವುದು, ನೋಂದಣಿ ಪ್ರಮಾಣಪತ್ರವನ್ನು ಇ-ರೂಪದಲ್ಲೇ ಕೊಡುವುದು, ಕಡತವನ್ನು ಡಿಜಿಟಲ್ ಆಗಿಯೇ ಕಾಪಾಡುವುದು, ಬೇರೆ ಇಲಾಖೆಗಳ ದಾಖಲೆಗಳ ಜೊತೆ ಜೋಡಿಸುವುದು ಅದರ ತಿರುಳು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಜಾಗಕ್ಕೆ ಡಿಜಿಟಲ್ ಇಂಡಿಯಾ ಕಾಯ್ದೆ ತರುವ ಚರ್ಚೆಯನ್ನು 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಬೆಂಗಳೂರಿನಲ್ಲೇ ಆರಂಭಿಸಿತ್ತು. ಸಾಫ್ಟ್‌ವೇರ್ ತಾನಾಗಿ ಕೈಗೊಳ್ಳುವ ತೀರ್ಮಾನಗಳಿಗೆ ಯಾರು ಹೊಣೆ ಎಂಬ ಪ್ರಶ್ನೆಯೂ ಆ ಚರ್ಚೆಯೊಳಗೇ ಇದೆ.

ಇ-ದಾಖಲೆ ಬೇಡ ಎನ್ನುವವರು ನಾವಲ್ಲ. ಆರ್‌ಟಿಸಿಗಾಗಿ, ಅಂದರೆ ಪಹಣಿಗಾಗಿ, ಗ್ರಾಮಕರಣಿಕರ ಮನೆ ಬಾಗಿಲಲ್ಲಿ ಕಾಯುವ ಕಾಲ ಹೋದದ್ದು ದೊಡ್ಡ ಉಪಕಾರ. ನಮ್ಮದು ಒಂದೇ ಬೇಡಿಕೆ. ದಾಖಲೆಯಲ್ಲಿ ಈಗ ಏನಿದೆ ಎಂಬುದಷ್ಟೇ ಅಲ್ಲ, ಅದು ಹಾಗಾದದ್ದು ಹೇಗೆ ಎಂಬುದೂ ದಾಖಲೆಯ ಅಂಗವೆಂದು ಕಾನೂನು ಹೇಳಬೇಕು. ಯಾರು ಬದಲಿಸಿದರು, ಯಾವಾಗ, ಯಾವ ಆದೇಶದ ಮೇಲೆ, ಬದಲಿಸಿದ್ದು ಅಧಿಕಾರಿಯೋ ತಂತ್ರಾಂಶವೋ, ಮೊದಲು ಏನಿತ್ತು, ಇಷ್ಟೂ ಉಳಿಯಬೇಕು ಮತ್ತು ಸಂಬಂಧಪಟ್ಟವರು ಕೇಳಿದಾಗ ಸಿಗಬೇಕು.

ಕಾಗದದ ಕಾಲದಲ್ಲಿ ಇದಕ್ಕೆ ಪ್ರತ್ಯೇಕ ಕಾನೂನು ಬೇಕಿರಲಿಲ್ಲ. ರಿಜಿಸ್ಟರಿನಲ್ಲಿ ಹೆಸರು ತಿದ್ದಬೇಕಾದರೆ ಹಳೆಯದರ ಮೇಲೆ ಕೆಂಪು ಶಾಯಿಯ ಗೆರೆ, ಪಕ್ಕದಲ್ಲಿ ಆದೇಶದ ನಂಬರು, ಕೆಳಗೆ ಕಿರುಸಹಿ. ಕೆರೆದು ಅಳಿಸಿದರೆ ಕಾಗದವೇ ಹೇಳುತ್ತಿತ್ತು. ಡೇಟಾಬೇಸಿನಲ್ಲಿ ಹೊಸ ಅಂಕೆ ಹಳೆಯದರ ಮೇಲೆ ಕೂತರೆ ಹಳೆಯದು ಇತ್ತೆಂಬ ಗುರುತೇ ಪರದೆಯಲ್ಲಿ ಇರುವುದಿಲ್ಲ. ರಾಜ್ಯದ ಪಹಣಿ ದಾಖಲೆಗಳ ಭೂಮಿ ತಂತ್ರಾಂಶದಲ್ಲಿ ಅಧಿಕಾರಿ ಬೆರಳಚ್ಚು ಕೊಟ್ಟು ಒಳಹೋಗುವ ವ್ಯವಸ್ಥೆ ಇದೆ, ಮ್ಯುಟೇಶನ್ (ಹಕ್ಕು ಬದಲಾವಣೆ) ಪ್ರತಿ ಆನ್‌ಲೈನ್‌ನಲ್ಲೂ ಸಿಗುತ್ತದೆ. ಒಳ್ಳೆಯದೇ. ಆದರೆ ಮ್ಯುಟೇಶನ್ ಪ್ರತಿ ಇರುವುದು ಮ್ಯುಟೇಶನ್ ಮೂಲಕ ಆದ ಬದಲಾವಣೆಗೆ ಮಾತ್ರ. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಮಾಹಿತಿ ಸಾಗಿಸುವಾಗ, ಫಾಂಟ್ ಬದಲಿಸುವಾಗ, ಎರಡು ಇಲಾಖೆಗಳ ಪಟ್ಟಿಯನ್ನು ರಾತ್ರೋರಾತ್ರಿ ತಾಳೆ ಹಾಕುವಾಗ ಆಗುವ ಬದಲಾವಣೆಗೆ ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್) ನಂಬರು ಇರುವುದಿಲ್ಲ. ಜನರಿಗೆ ಕಷ್ಟ ಕೊಡುವುದು ಹೆಚ್ಚಾಗಿ ಈ ಎರಡನೆಯ ಬಗೆಯದು.

ನಮ್ಮ ಜಿಲ್ಲೆಗಳ ಮಟ್ಟಿಗೆ ಅಳತೆಯ ವಿಚಾರ ನೋಡಿ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಜಾಗದ ಲೆಕ್ಕ ಎಕ್ರೆ ಮತ್ತು ಸೆಂಟ್ಸ್. ಘಟ್ಟದ ಮೇಲೆ ಹೆಚ್ಚಿನ ಕಡೆ ಎಕರೆ ಮತ್ತು ಗುಂಟೆ. ಎಕರೆಗೆ 100 ಸೆಂಟ್ಸ್, ಅದೇ ಎಕರೆಗೆ 40 ಗುಂಟೆ, ಅಂದರೆ ಒಂದು ಗುಂಟೆಗೆ ಎರಡೂವರೆ ಸೆಂಟ್ಸ್. ಎರಡನ್ನೂ ಬರೆಯುವ ರೀತಿ ಒಂದೇ, ಚುಕ್ಕಿ ಹಾಕಿ ಎರಡು ಅಂಕೆ. 0.30 ಎಂದರೆ ಇಲ್ಲಿ 30 ಸೆಂಟ್ಸ್, ಅಲ್ಲಿ 30 ಗುಂಟೆ, ಅಂದರೆ 75 ಸೆಂಟ್ಸ್. ಮಾಹಿತಿ ಒಂದು ಇಲಾಖೆಯಿಂದ ಇನ್ನೊಂದಕ್ಕೆ ಹೋಗುವಾಗ ಏಕಮಾನದ ಅಂಕಣ ಜೊತೆಗೆ ಹೋಗದಿದ್ದರೆ ಮೂವತ್ತು ಸೆಂಟ್ಸಿನ ಮಾಲೀಕರು ಮುಕ್ಕಾಲು ಎಕ್ರೆಯ ಮಾಲೀಕರಾಗಿಬಿಡುತ್ತಾರೆ. ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. 0.65 ಎಂದಿದ್ದರೆ ಗುಂಟೆಯ ಲೆಕ್ಕದ ತಂತ್ರಾಂಶ ಅದನ್ನು ತಳ್ಳಿಹಾಕುತ್ತದೆ, ಯಾಕೆಂದರೆ 40 ಗುಂಟೆ ತುಂಬಿದರೆ ಒಂದು ಎಕರೆಯಾಗಬೇಕು. ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. 40ಕ್ಕಿಂತ ಕಡಿಮೆಯ ಅಂಕೆಗಳು ಮಾತ್ರ ಸದ್ದಿಲ್ಲದೆ ಒಳಗೆ ಹೋಗುತ್ತವೆ. ಹೀಗಾಗಿ ಪೆಟ್ಟು ಬೀಳುವುದು 5 ಸೆಂಟ್ಸ್, 10 ಸೆಂಟ್ಸ್ ಇರುವ ಸಣ್ಣವರಿಗೇ. ಭೂಮಿಯ ಮಿತಿ ನೋಡಿ ಸವಲತ್ತು ಕೊಡುವ ಯೋಜನೆಗಳಲ್ಲಿ ಅವರ ಜಾಗವೇ ಎರಡೂವರೆ ಪಟ್ಟಾಗಿ ಕಾಣುತ್ತದೆ.

ಹೆಸರಿನ ಕತೆ ಇನ್ನೂ ಕಠಿಣ. ಆಧಾರ್‌ನಲ್ಲಿರುವ ಹೆಸರನ್ನೂ ಆರ್‌ಟಿಸಿಯ 9ನೇ ಕಲಂನ ಮಾಲೀಕರ ಹೆಸರನ್ನೂ ತಂತ್ರಾಂಶ ಹೋಲಿಸುತ್ತದೆ. ಡಿಸೋಜ, ಡಿ'ಸೋಜ, ಡಿ ಸೋಜಾ, ಈ ಮೂರೂ ಒಂದೇ ಎಂದು ಬಜಪೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಯಂತ್ರಕ್ಕೆ ಅವು ಮೂರು ಹೆಸರು. ಶೇಷಪ್ಪ, ಸೇಸಪ್ಪ ಇದೇ ಜಾತಿಯ ತೊಡಕು. ಇವೆಲ್ಲ ಕಣ್ಣಿಗೆ ಕಾಣುವ ವ್ಯತ್ಯಾಸಗಳು, ಅಫಿಡವಿಟ್ ಕೊಟ್ಟಾದರೂ ಸರಿಪಡಿಸಬಹುದು. ಕಾಣದ ವ್ಯತ್ಯಾಸವೂ ಇದೆ. ಕೊರಗಪ್ಪ ಎಂಬ ಹೆಸರಿನ ಮೊದಲ ಅಕ್ಷರದ ಸ್ವರಚಿಹ್ನೆಯನ್ನು, ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಎರಡು ರೀತಿ ಉಳಿಸಬಹುದು, ಒಕಾರದ ಒಂದೇ ಸಂಕೇತವಾಗಿ ಅಥವಾ ಎಕಾರ ಮತ್ತು ಊಕಾರದ ಎರಡು ಸಂಕೇತಗಳಾಗಿ. ಪರದೆಯ ಮೇಲೆ, ಪ್ರಿಂಟಿನಲ್ಲಿ ಒಂದು ಕೂದಲೆಳೆಯ ವ್ಯತ್ಯಾಸವೂ ಕಾಣದು. ಒಳಗೆ ಮಾತ್ರ ಬೈಟುಗಳು, ಅಂದರೆ ಕಂಪ್ಯೂಟರ್ ಉಳಿಸಿಡುವ ಅಂಕೆಗಳು, ಬೇರೆ. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರುವ ಹಂತವೊಂದಿದೆ, ಅದಕ್ಕೆ ನಾರ್ಮಲೈಸೇಶನ್ ಎನ್ನುತ್ತಾರೆ. ಪ್ರೋಗ್ರಾಮ್ ಬರೆಯುವವರು ಅದನ್ನು ಬಿಟ್ಟರೆ ಕೊರಗಪ್ಪ ಕೊರಗಪ್ಪನಲ್ಲ ಎಂಬ ಉತ್ತರ ಬರುತ್ತದೆ. ಅರ್ಕಾವತ್ತಿನ ಗತಿಯೂ ಇದೇ. ಸೂರ್ಯ ಎಂಬುದನ್ನು ಅರ್ಕಾವತ್ತಿನಲ್ಲಿ ಬರೆದರೆ ಒಂದು ಸಂಕೇತಸಾಲು, ರಕಾರವನ್ನು ಪೂರ್ತಿ ಬರೆದು ಯಒತ್ತು ಕೊಟ್ಟರೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಹೆಚ್ಚಾಗುತ್ತದೆ. ಹಳೆಯ ಫಾಂಟುಗಳಲ್ಲಿ ಟೈಪಾದ ದಾಖಲೆಗಳನ್ನು ಯೂನಿಕೋಡ್‌ಗೆ ತಿರುಗಿಸುವಾಗ ಒತ್ತಕ್ಷರಗಳು ಜಾಗ ತಪ್ಪುವುದು ಕನ್ನಡದಲ್ಲಿ ಕೆಲಸ ಮಾಡುವ ಎಲ್ಲರಿಗೂ ಗೊತ್ತಿರುವ ಸಂಗತಿ.

ಹೀಗೆ ತಾಳೆಯಾಗದ ಹೆಸರಿನವರು ಕ್ರಯಪತ್ರಕ್ಕೋ ವಿಭಾಗಪತ್ರಕ್ಕೋ ನೋಂದಣಿ ಕಚೇರಿಗೆ ಹೋದರೆ ಸಿಗುವ ಉತ್ತರ 'ಸಿಸ್ಟಮ್ ತಗೊಳ್ತಾ ಇಲ್ಲ'. ಈ ಉತ್ತರಕ್ಕೆ ಸಹಿ ಇಲ್ಲ, ದಿನಾಂಕ ಇಲ್ಲ, ಮೇಲ್ಮನವಿ ಇಲ್ಲ. ಈಗಿನ ಕಾಯ್ದೆಯಲ್ಲಿ ಉಪನೋಂದಣಾಧಿಕಾರಿ ದಸ್ತಾವೇಜನ್ನು ನಿರಾಕರಿಸಿದರೆ 71ನೇ ಸೆಕ್ಷನ್ ಪ್ರಕಾರ ಕಾರಣ ಬರೆದಿಡಬೇಕು, 72ನೇ ಸೆಕ್ಷನ್‌ನಡಿ 30 ದಿನದೊಳಗೆ ಜಿಲ್ಲಾ ನೋಂದಣಾಧಿಕಾರಿಗೆ ಅಪೀಲು ಹಾಕಬಹುದು. ತಂತ್ರಾಂಶದ ತಡೆಯನ್ನು ನಿರಾಕರಣೆ ಎಂದೇ ಯಾರೂ ಬರೆದುಕೊಡುವುದಿಲ್ಲ, ಹಾಗಾಗಿ 118 ವರ್ಷ ಹಳೆಯ ಕಾಯ್ದೆ ಕೊಟ್ಟ ರಕ್ಷಣೆಯೂ ಕೈಗೆ ಸಿಗುವುದಿಲ್ಲ. ಹೊಸ ಕಾಯ್ದೆಯಲ್ಲಿ ಒಂದು ಸಾಲು ಸಾಕು: ತಂತ್ರಾಂಶ ದಸ್ತಾವೇಜನ್ನು ಮುಂದೆ ಬಿಡದಿದ್ದರೆ ಅದು ಅಧಿಕಾರಿಯ ನಿರಾಕರಣೆಗೆ ಸಮ, ಕಾರಣದ ಪ್ರತಿ ಅದೇ ದಿನ ಅರ್ಜಿದಾರರ ಕೈಗೆ.

ಪಡಿತರ ಚೀಟಿಯದೂ ಇದೇ ಸಮಸ್ಯೆ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳ ರದ್ದತಿ ದೊಡ್ಡ ಗದ್ದಲವಾಗಿ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡು ರದ್ದಾಗದು ಎಂದು ರಾಜ್ಯ ಸರ್ಕಾರವೇ ಹೇಳಬೇಕಾಯಿತು. ರಿಟರ್ನ್ ಸಲ್ಲಿಸುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. ಬೀಡಿ ಕಟ್ಟುವ ಮನೆಯವರು ಬ್ಯಾಂಕ್ ಸಾಲಕ್ಕೆಂದು ಸೊನ್ನೆ ತೆರಿಗೆಯ ರಿಟರ್ನ್ ಹಾಕಿರುತ್ತಾರೆ. ಪಾನ್ ನಂಬರಿನ ಮೇಲೆ ರಿಟರ್ನ್ ಇದೆಯೇ ಎಂದಷ್ಟೇ ಕೇಳುವ ತಂತ್ರಾಂಶಕ್ಕೆ ಅವರು ತೆರಿಗೆದಾರರು. ತಪ್ಪು ಯಂತ್ರದ್ದಲ್ಲ, ನಿಯಮವನ್ನು ಪ್ರೋಗ್ರಾಮಿನ ಸಾಲಾಗಿ ತಿರುಗಿಸಿದವರದ್ದು. ಆ ಸಾಲನ್ನು ಯಾರು ಒಪ್ಪಿ ಸಹಿ ಹಾಕಿದರು ಎಂಬ ಕಾಗದ ಕಡತದಲ್ಲಿ ಇರಬೇಕಲ್ಲ.

ಕುಮ್ಕಿಯ ಬಗ್ಗೆಯೂ ಒಂದು ಮಾತು. ಕದೀಮ್ ವರ್ಗ ಜಾಗದ, ಅಂದರೆ ಹಳೆಯ ಕಾಲದ ಹಿಡುವಳಿಯ, ಪಕ್ಕದ ಸರ್ಕಾರಿ ಭೂಮಿಯಿಂದ ಸೊಪ್ಪು, ಸೌದೆ ತರುವ ಕುಮ್ಕಿಯ ಸವಲತ್ತನ್ನು 1964ರ ಭೂಕಂದಾಯ ಕಾಯ್ದೆಯ 79(2)ನೇ ಸೆಕ್ಷನ್ ಉಳಿಸಿಕೊಟ್ಟಿದೆ. ಆರ್‌ಟಿಸಿಯಲ್ಲಿ ಅದು ಸರ್ಕಾರಿ ಜಾಗ. ರಾಷ್ಟ್ರಮಟ್ಟದ ಒಂದೇ ನಮೂನೆಯ ದಾಖಲೆಯಲ್ಲಿ ಇಂಥ ಸ್ಥಳೀಯ ಹಕ್ಕಿಗೆ ಅಂಕಣವೇ ಇಲ್ಲದಿದ್ದರೆ, ಹಕ್ಕು ಕಾನೂನಿನಲ್ಲಿ ಉಳಿದು ಕಂಪ್ಯೂಟರಿನಲ್ಲಿ ಸತ್ತುಹೋಗುತ್ತದೆ. ಕರಾವಳಿಯ ಶಾಸಕರು, ಸಂಸದರು ಇದನ್ನು ಈಗಲೇ ಎತ್ತಬೇಕು.

ಈಗಿರುವ ಕಾನೂನು ಏನು ಹೇಳುತ್ತದೆ? ಮಾಹಿತಿ ತಂತ್ರಜ್ಞಾನ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ತಾನಾಗಿ ಕೆಲಸ ಮಾಡುವಂತೆ ಪ್ರೋಗ್ರಾಮ್ ಮಾಡಿದ ವ್ಯವಸ್ಥೆಯಿಂದ ಹೊರಟ ಇ-ದಾಖಲೆ, ಆ ವ್ಯವಸ್ಥೆಯನ್ನು ಯಾರ ಪರವಾಗಿ ನಡೆಸಲಾಗುತ್ತಿದೆಯೋ ಅವರದ್ದೇ. 'ಕಂಪ್ಯೂಟರ್ ಕಳಿಸಿದ್ದು, ನಾವಲ್ಲ' ಎಂದು ಯಾವ ಕಚೇರಿಯೂ ಹೇಳುವಂತಿಲ್ಲ. ಅಷ್ಟು ಮಟ್ಟಿಗೆ ಇದು ಒಳ್ಳೆಯ ಸೆಕ್ಷನ್. ಆದರೆ ಕಳುಹಿಸಿದವರು ಯಾರು ಎಂಬಲ್ಲಿಗೆ ಅದು ನಿಲ್ಲುತ್ತದೆ. ತೀರ್ಮಾನಕ್ಕೆ ಕಾರಣ ಕೊಡಬೇಕೇ, ಮನುಷ್ಯರೊಬ್ಬರು ಮರುಪರಿಶೀಲಿಸಬೇಕೇ ಎಂಬುದು ಅಲ್ಲಿಲ್ಲ. 7ನೇ ಸೆಕ್ಷನ್ ದಾಖಲೆಯನ್ನು ಮುಂದೆ ಓದಲು ಬರುವ ರೂಪದಲ್ಲಿ, ಹುಟ್ಟಿದ ಮೂಲ ಮತ್ತು ಕಳಿಸಿದ ದಿನ, ಹೊತ್ತಿನ ವಿವರದ ಜೊತೆ ಇಡಬೇಕೆನ್ನುತ್ತದೆ. ನಡುವೆ ಆದ ತಿದ್ದುಪಡಿಗಳ ಸರಣಿಯನ್ನು ಇಡಿ ಎನ್ನುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 8(3)ನೇ ಸೆಕ್ಷನ್, ಒಬ್ಬರ ಮೇಲೆ ಪರಿಣಾಮ ಬೀರುವ ತೀರ್ಮಾನಕ್ಕೆ ಬಳಸುವ ಮಾಹಿತಿ ಪೂರ್ಣವೂ ನಿಖರವೂ ಆಗಿರಬೇಕೆಂದು ಹೇಳುತ್ತದೆ. ಮಾಹಿತಿಯನ್ನು ತಿದ್ದಿಸಿಕೊಳ್ಳುವ 12ನೇ ಸೆಕ್ಷನ್ನಿನ ಹಕ್ಕನ್ನು ಮಾತ್ರ ಒಪ್ಪಿಗೆ ಪಡೆದು ಬಳಸಿದ ಮಾಹಿತಿಗೆ ಕಟ್ಟಿಹಾಕಿದೆ. ಯುರೋಪಿನ ದತ್ತಾಂಶ ನಿಯಮದ 22ನೇ ವಿಧಿ ಕೊಡುವಂತೆ, ಬರೀ ಯಂತ್ರದ ತೀರ್ಮಾನಕ್ಕೆ ಒಳಗಾಗದಿರುವ ಹಕ್ಕು ನಮ್ಮ ಕಾಯ್ದೆಯಲ್ಲಿ ಇಲ್ಲ.

ಕೋರ್ಟಿನಲ್ಲಿ ಹೊರೆ ಇನ್ನೊಂದು ರೀತಿ ವಾಲುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇ-ದಾಖಲೆಯ ಜೊತೆ ಎರಡು ಭಾಗದ ಪ್ರಮಾಣಪತ್ರ ಬೇಕು. ಎ ಭಾಗಕ್ಕೆ ದಾಖಲೆ ತರುವವರ ಸಹಿ, ಬಿ ಭಾಗಕ್ಕೆ ತಜ್ಞರ ಸಹಿ. ಉಪಕರಣದ ತಯಾರಕರು, ಮಾದರಿ, ಸೀರಿಯಲ್ ನಂಬರು, ಫೈಲಿನ ಹ್ಯಾಶ್ ಮೌಲ್ಯ, ಎಲ್ಲವನ್ನೂ ನಮೂನೆಯಲ್ಲಿ ತುಂಬಬೇಕು. ಹ್ಯಾಶ್ ಎಂದರೆ ಫೈಲಿನ ಪ್ರತಿಯೊಂದು ಬೈಟನ್ನೂ ಲೆಕ್ಕಕ್ಕೆ ತೆಗೆದುಕೊಂಡು ಬರುವ ಒಂದು ಸಂಖ್ಯೆ. ಒಂದು ಅಕ್ಷರ ಬದಲಾದರೂ ಅದು ಪೂರ್ತಿ ಬದಲಾಗುತ್ತದೆ. ಹೀಗಾಗಿ ಫೋಟೊವನ್ನು ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಅದು ಕುಗ್ಗಿ ಹ್ಯಾಶ್ ಬೇರೆಯಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ. ನಮೂನೆಯಲ್ಲಿ ಎಸ್‌ಎಚ್‌ಎ-1, ಎಸ್‌ಎಚ್‌ಎ-256, ಎಂಡಿ-5 ಎಂಬ ಆಯ್ಕೆಗಳಿವೆ. ಎಂಡಿ-5ರಲ್ಲಿ ಎರಡು ಬೇರೆ ಫೈಲುಗಳಿಗೆ ಒಂದೇ ಹ್ಯಾಶ್ ಬರುವಂತೆ ಮಾಡಬಹುದೆಂದು 2004ರಲ್ಲೇ, ಎಸ್‌ಎಚ್‌ಎ-1ರಲ್ಲಿ 2017ರಲ್ಲಿ ತೋರಿಸಿಯಾಗಿದೆ. 2023ರಲ್ಲಿ ಬರೆದ ಕಾನೂನು ಇವೆರಡನ್ನೂ ಉಳಿಸಿಕೊಳ್ಳಬಾರದಿತ್ತು. ಓದುಗರು ಎಸ್‌ಎಚ್‌ಎ-256ನ್ನೇ ಆರಿಸಿಕೊಳ್ಳುವುದು ಲೇಸು. ಇಷ್ಟೆಲ್ಲ ಮಾಡಿ ಜನಸಾಮಾನ್ಯರು ತಮ್ಮ ಮೊಬೈಲಿನ ದಾಖಲೆಗೆ ಪ್ರಮಾಣಪತ್ರ ತರಬಹುದು, ಎದುರಿನ ಕಚೇರಿಯ ಸರ್ವರ್ ಒಳಗಿನ ಲಾಗ್‌ಗೆ, ಅಂದರೆ ಯಾರು ಯಾವಾಗ ಏನು ಮಾಡಿದರೆಂದು ಕಂಪ್ಯೂಟರ್ ಬರೆದಿಡುವ ದಿನಚರಿಗೆ, ತರಲಾಗದು. ಅದು ಎದುರುದಾರರ ಕೈಯಲ್ಲೇ ಇರುತ್ತದೆ.

ಇದು ಎಲ್ಲಿಗೆ ಮುಟ್ಟಬಹುದೆಂದು ಬ್ರಿಟನ್ನಿನ ಅಂಚೆ ಪ್ರಕರಣ ತೋರಿಸಿದೆ. ಹೊರೈಜನ್ ಎಂಬ ಲೆಕ್ಕದ ತಂತ್ರಾಂಶ ತೋರಿಸಿದ ಕೊರತೆಯನ್ನೇ ನಂಬಿ, 1999ರಿಂದ 2015ರವರೆಗೆ ಅಂಚೆ ಶಾಖೆ ನಡೆಸುತ್ತಿದ್ದ 900ಕ್ಕೂ ಹೆಚ್ಚು ಜನರಿಗೆ ಕಳ್ಳತನ, ಸುಳ್ಳು ಲೆಕ್ಕದಂತಹ ಆರೋಪಗಳಲ್ಲಿ ಶಿಕ್ಷೆಯಾಯಿತು. ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿತ್ತೆಂದು ಮೊದಲು ಸಾಬೀತು ಮಾಡಬೇಕೆಂಬ ನಿಯಮವನ್ನು ಆ ದೇಶ 1999ರ ಕಾಯ್ದೆಯಲ್ಲಿ ತೆಗೆದುಹಾಕಿತ್ತು. ಶಾಖೆಯವರಿಗೆ ತಿಳಿಯದಂತೆ ದೂರದಿಂದಲೇ ಅವರ ಲೆಕ್ಕದೊಳಗೆ ಕೈಹಾಕಲು ಸಾಧ್ಯವಿತ್ತೆಂಬುದು 2019ರ ಹೈಕೋರ್ಟ್ ತೀರ್ಪಿನಲ್ಲಿ ಸ್ಥಿರಪಟ್ಟಿತು. ಶಿಕ್ಷೆಗಳನ್ನು ಸಾರಾಸಗಟು ರದ್ದುಮಾಡಲು 2024ರಲ್ಲಿ ಪ್ರತ್ಯೇಕ ಕಾನೂನನ್ನೇ ತರಬೇಕಾಯಿತು. ಯಾವ ಲೆಕ್ಕಕ್ಕೆ ಯಾರು, ಯಾವಾಗ ಕೈಹಾಕಿದರು ಎಂಬ ಪಟ್ಟಿ ಮೊದಲ ಮೊಕದ್ದಮೆಯಲ್ಲೇ ಆರೋಪಿಯ ಕೈಗೆ ಸಿಕ್ಕಿದ್ದರೆ ಇಷ್ಟೊಂದು ಜೀವನಗಳು ಹಾಳಾಗುತ್ತಿರಲಿಲ್ಲ ಎಂದೇ ನಮ್ಮ ನಂಬಿಕೆ.

ಕೊನೆಯದಾಗಿ ಆಯುಸ್ಸಿನ ಪ್ರಶ್ನೆ. ಮಂಗಳೂರಿನಲ್ಲಿ ನೂರು ವರ್ಷ ದಾಟಿದ ಮೂಲಗೇಣಿ (ಶಾಶ್ವತ ಗೇಣಿ) ಪತ್ರಗಳನ್ನು ಇಂದಿಗೂ ಕೋರ್ಟಿನಲ್ಲಿ ಬಿಡಿಸಿ ಓದುತ್ತಾರೆ. ಡಿಜಿಟಲ್ ಸಹಿಯ ಪ್ರಮಾಣಪತ್ರಕ್ಕೆ ಹೆಚ್ಚೆಂದರೆ ಮೂರು ವರ್ಷದ ಅವಧಿ. ಆಧಾರ್ ಆಧಾರಿತ ಇ-ಸಹಿಯದು 30 ನಿಮಿಷ. ಅವಧಿ ಮುಗಿದ ಮಾತ್ರಕ್ಕೆ ಸಹಿ ಸುಳ್ಳಾಗುವುದಿಲ್ಲ, ಆದರೆ ಸಹಿ ಹಾಕಿದ ಹೊತ್ತಿಗೆ ಅದು ಚಾಲ್ತಿಯಲ್ಲಿತ್ತೆಂದು ತೋರಿಸಬೇಕು. ಅದಕ್ಕೆ ನಂಬಿಕಸ್ಥ ಮೂರನೆಯವರ ಕಾಲಮುದ್ರೆ (ಸಹಿಯಾದ ಹೊತ್ತಿನ ಗುರುತು) ಸಹಿಯ ಜೊತೆಗೇ ಫೈಲಿನೊಳಗೆ ಕೂತಿರಬೇಕು, ರದ್ದಾದ ಪ್ರಮಾಣಪತ್ರಗಳ ಅಂದಿನ ಪಟ್ಟಿಯೂ ಒಳಗಿರಬೇಕು, ಗೂಢಲಿಪಿ ಹಳತಾಗುವ ಮೊದಲು ಹೊಸ ಕಾಲಮುದ್ರೆ ಒತ್ತುತ್ತ ಹೋಗಬೇಕು. ಫೈಲು ದೀರ್ಘಕಾಲ ಕಾಪಿಡಲೆಂದೇ ಇರುವ ಪಿಡಿಎಫ್-ಎ ಮಾದರಿಯಲ್ಲಿ, ಫಾಂಟು ಒಳಗೇ ಇರುವಂತೆ ಉಳಿಯಬೇಕು. ಇಲ್ಲದಿದ್ದರೆ ಮೂವತ್ತು ವರ್ಷದ ಮೇಲೆ ತೆರೆದಾಗ ಕನ್ನಡದ ಜಾಗದಲ್ಲಿ ಚೌಕಗಳು ಕಾಣಿಸುತ್ತವೆ. ಇದನ್ನು ಇಲಾಖೆಯ ಸುತ್ತೋಲೆಗೆ ಬಿಡದೆ ಕಾಯ್ದೆಯ ಅನುಸೂಚಿಯಲ್ಲೇ ಬರೆಯಬೇಕೆಂದು ನಾವು ಕೇಳುತ್ತಿದ್ದೇವೆ.

ಹಾಗೆಯೇ ನೋಂದಣಿ ಕಾಯ್ದೆಯಿರಲಿ, ಮುಂದೆ ಬರುವ ಯಾವುದೇ ಡಿಜಿಟಲ್ ಕಾಯ್ದೆಯಿರಲಿ, ಈ ಮಾತುಗಳು ಸೆಕ್ಷನ್ ಆಗಿ ಬರಬೇಕು. ದೃಢೀಕೃತ ಪ್ರತಿಯ ಕೊನೆಯ ಪುಟದಲ್ಲಿ ಬದಲಾವಣೆಗಳ ಪಟ್ಟಿ ಇರಲಿ: ದಿನಾಂಕ, ಹೊತ್ತು, ಹುದ್ದೆ, ಆದೇಶ ಸಂಖ್ಯೆ, ಹಳೆಯ ಮೌಲ್ಯ, ಹೊಸ ಮೌಲ್ಯ. ಹಕ್ಕು ಅಥವಾ ಸವಲತ್ತನ್ನು ಕಡಿತ ಮಾಡುವ ಯಾವುದೇ ಸ್ವಯಂಚಾಲಿತ ತೀರ್ಮಾನಕ್ಕೆ ಮೊದಲು 30 ದಿನದ ನೋಟಿಸು ಕನ್ನಡದಲ್ಲೇ ಬರಲಿ, ಯಾವ ಮಾಹಿತಿ, ಎಲ್ಲಿಂದ ಬಂತು, ಯಾವ ನಿಯಮ ತಾಗಿತು ಎಂದು ಅದರಲ್ಲಿರಲಿ, ಹೆಸರು ಹಾಕಿ ಸಹಿ ಮಾಡುವ ಅಧಿಕಾರಿಯ ಆದೇಶ ಬರುವ ತನಕ ಕಡಿತ ಜಾರಿಯಾಗದಿರಲಿ. ವಿವಾದ ಬಂದಾಗ ತಂತ್ರಾಂಶ ಸರಿಯಿತ್ತೆಂದು ತೋರಿಸುವ ಹೊಣೆ ಅದನ್ನು ನಡೆಸುವವರದ್ದಾಗಲಿ, ಲಾಗ್ ಹಾಜರುಪಡಿಸದಿದ್ದರೆ ಅವರ ವಿರುದ್ಧವೇ ಊಹಿಸಲಿ. ಸರ್ಕಾರಕ್ಕೆ ಇದು ಭಾರವಲ್ಲ. ಲಾಗ್‌ಗೆ ತಗಲುವುದು ಚಿಲ್ಲರೆ ಜಾಗ, ಬೇಕಾದದ್ದು ಮನಸ್ಸು.

ಕಾನೂನು ಬರುವ ತನಕ ಓದುಗರು ಮಾಡಬಹುದಾದ ಕೆಲಸಗಳಿವೆ. ಡಿಜಿಟಲ್ ಸಹಿಯಿರುವ ಪಿಡಿಎಫ್ ಸಿಕ್ಕಿದರೆ ಮೂಲ ಫೈಲನ್ನೇ ಎರಡು ಕಡೆ ಉಳಿಸಿ. ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡಿದರೆ ಸಹಿ ಬರೀ ಚಿತ್ರವಾಗುತ್ತದೆ. ತೆರೆದಾಗ ಹಳದಿ ಪ್ರಶ್ನಾರ್ಥಕ ಚಿಹ್ನೆ ಕಂಡರೆ ನಕಲಿ ಎಂದು ಗಾಬರಿ ಬೇಡ, ಹೆಚ್ಚಾಗಿ ಭಾರತದ ಮೂಲ ಪ್ರಮಾಣಪತ್ರವನ್ನು ನಿಮ್ಮ ಕಂಪ್ಯೂಟರ್ ಇನ್ನೂ ಗುರುತಿಸಿಲ್ಲ ಎಂದಷ್ಟೇ ಅರ್ಥ. ವರ್ಷಕ್ಕೊಮ್ಮೆ ಆರ್‌ಟಿಸಿ ಮತ್ತು ಋಣಭಾರ ಪತ್ರ ತೆಗೆದು 9ನೇ (ಮಾಲೀಕರ ಹೆಸರು) ಮತ್ತು 11ನೇ (ಇತರ ಹಕ್ಕು, ಋಣ) ಕಲಂಗಳನ್ನು ಹಿಂದಿನ ವರ್ಷದ್ದರ ಜೊತೆ ಹೋಲಿಸಿ. 'ಸಿಸ್ಟಮ್ ತಗೊಳ್ತಾ ಇಲ್ಲ' ಎಂದರೆ ಪರದೆಯ ಮೇಲಿನ ಸಂದೇಶವನ್ನು ದಿನಾಂಕ ಸಮೇತ ಬರೆದುಕೊಂಡು, ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕಾರಣ ತಿಳಿಸುವುದು ಮಾಹಿತಿ ಹಕ್ಕು ಕಾಯ್ದೆಯ 4(1)(ಡಿ) ಪ್ರಕಾರ ಕಚೇರಿಯ ಕರ್ತವ್ಯ. ಅದು ಬಾರದಿದ್ದರೆ 10 ರೂಪಾಯಿ ಶುಲ್ಕದ ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಬದಲಾವಣೆ ಮಾಡಿದವರ ಹೆಸರು ಕೇಳಿದರೆ ವೈಯಕ್ತಿಕ ಮಾಹಿತಿ ಎಂದು ತಳ್ಳಿಹಾಕುವ ಸಂಭವವಿದೆ, ಆದ್ದರಿಂದ ಹುದ್ದೆ, ದಿನಾಂಕ, ಹೊತ್ತು, ಆದೇಶ ಸಂಖ್ಯೆ, ಹಳೆಯ ಮತ್ತು ಹೊಸ ನಮೂದು ಎಂದಷ್ಟೇ ಕೇಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಸಲ್ಲಿಸಿ.

ಇತಿ,
ದಸ್ತಾವೇಜು, ವಕಾಲತ್ತು ಮತ್ತು ಸಾಫ್ಟ್‌ವೇರ್ ಕೆಲಸದಲ್ಲಿರುವ ಕೆಲವು ಓದುಗರು,
ಮಂಗಳೂರು